ರೇಣುಕಾ ಹೇಳಿದ ಒಡಪು

ನನ್ನ ತಂಗಿ ತನ್ನ ಮದುವೆಯ ಸಿಡಿಯಲ್ಲಿ ನಾಲ್ಕು ಸಲ ಬಾಯಿ ತೆರೆಯುತ್ತಾಳೆ. ನಾಲ್ಕು ಸಲವೂ ಯಾವುದೋ ಸಿನಿಮಾ ಗಾಯಕಿಯ ಧ್ವನಿ ಬರುತ್ತದೆ.

ಇದನ್ನು ನಾನು ಎಣಿಸಿದ್ದಲ್ಲ. ಎಣಿಸಿದವಳು ಅವಳ ಮಗಳು ಸಿಂಧು.

ಸಿಂಧು ಮುಂಡರಗಿಯ ಹುಡುಗಿ. ಪಿಯುಸಿ ಮುಗಿಸಿ ಈ ವರ್ಷ ಗದಗಿನ ಕಾಲೇಜಿಗೆ ಸೇರಿದ್ದಾಳೆ. ಬೆಟಗೇರಿಯ ನಮ್ಮ ಮನೆಯಲ್ಲೇ ಇದ್ದಾಳೆ. ಅವಳು ಮೂರು ತಿಂಗಳ ಕೂಸಿದ್ದಾಗ ನನ್ನ ತಂಗಿ ರೇಣುಕಾ ತೀರಿಕೊಂಡಳು. ಜ್ವರ ಅಂತ ಮಲಗಿದವಳು ಎಂಟು ದಿನದಲ್ಲಿ ಇಲ್ಲವಾದಳು. (ಈ ಎರಡು ವಾಕ್ಯ ಬರೆಯಲು ಎಷ್ಟು ಹೊತ್ತು ಹಿಡಿಯಿತು ಅಂತ ದಯವಿಟ್ಟು ಕೇಳಬೇಡಿ.)

ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸಿಂಧು ಕಪಾಟಿನಿಂದ ಆ ಸಿಡಿ ಹುಡುಕಿ ತೆಗೆದು, ಗೆಳತಿಯ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡು ಕೂತಿದ್ದಳು. ಈಗಿನ ಹುಡುಗಿಯರಿಗೆ ವಿಡಿಯೋ ಎಡಿಟಿಂಗ್ ಅಂದರೆ ಜಡೆ ಹಾಕಿಕೊಂಡಷ್ಟೇ ಸಲೀಸು. ಅವ್ವನದೊಂದು ಸಣ್ಣ ವಿಡಿಯೋ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಬೇಕು ಅಂತ ಅವಳ ಆಸೆ. ಅರ್ಧ ತಾಸು ಕೀ ಕುಟ್ಟಿದವಳು ತಲೆ ಎತ್ತಿ ಕೇಳಿದಳು.

"ಮಾಮಾ, ಇದರಾಗ ಅವ್ವನ ದನಿ ಎಲ್ಲೈತ್ರಿ?"

"ಅಲ್ಲೇ ಇರ್ತೈತಿ, ಸರಿಯಾಗಿ ನೋಡು."

"ಇಲ್ರಿ. ಶುರುದಿಂದ ಕಡೀತನಕ ಬರೇ ಹಾಡು. ಅವ್ವ ನಾಕ್ ಸಲ ಏನೋ ಅಂತಾಳ. ನಾಕೂ ಸಲ ಹಾಡಾ ಬರ್ತೈತಿ. ಒರಿಜಿನಲ್ ಸೌಂಡ್ ಎಲ್ಲಿ ಹೋತು?"

ನನ್ನ ಕೆಂಪು ಪೆನ್ನು ನಿಂತಿತು.

ಎಲ್ಲಿ ಹೋಯಿತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ತೆಗೆಸಿದವನೇ ನಾನು.

ಆ ಕಾಲದ ಮದುವೆ ಸಿಡಿಗಳು ನಿಮಗೆ ನೆನಪಿರಬೇಕಲ್ಲ? ಗುಲಾಬಿ ಹೂ ಅರಳಿ ಅದರೊಳಗಿಂದ ಮದುಮಗಳು ಹೊರಬರುತ್ತಿದ್ದಳು. ಮದುಮಗ ತಾಜಮಹಲಿನ ಮುಂದೆ ನಿಂತಿರುತ್ತಿದ್ದ (ಪಾಪ, ಅವನು ಹುಬ್ಬಳ್ಳಿ ದಾಟಿ ಹೋಗಿರುತ್ತಿರಲಿಲ್ಲ). ಹೃದಯದ ಆಕಾರದ ಚೌಕಟ್ಟಿನಲ್ಲಿ ಇಬ್ಬರೂ ಗಿರಗಿರನೆ ತಿರುಗುತ್ತಿದ್ದರು. ಮತ್ತು ಹಾಡು. ಅಕ್ಷತೆಯ ಅಕ್ಕಿಕಾಳಿಗೊಂದು, ಊಟಕ್ಕೊಂದು, ಕಳಿಸಿಕೊಡುವಾಗ ಅಳುವುದಕ್ಕೊಂದು. ಜನರ ಮಾತನ್ನು ಯಾರೂ ಇಡುತ್ತಿರಲಿಲ್ಲ. ಮಾತು ಅಂದರೆ ಗದ್ದಲ. ಗದ್ದಲ ಕೇಳಲು ಸಿಡಿ ಯಾಕೆ, ಸಂತೆಗೆ ಹೋದರಾಯಿತು ಅನ್ನುತ್ತಿದ್ದೆವು.

ರೇಣುಕಾಳ ಮದುವೆಯ ವಿಡಿಯೋ ಹಿಡಿದವರು ಲಕ್ಷ್ಮೇಶ್ವರದ ದಾವಲಸಾಬರು. ಎಡಿಟಿಂಗಿಗೆ ಮೊದಲು ಆಗ ನಾವಿದ್ದ ಶಿರಹಟ್ಟಿಯ ಮನೆಗೆ ಬಂದು, ಎಲ್ಲೆಲ್ಲಿ ಏನೇನು ಇರಬೇಕು ಅಂತ ಕೇಳಿದ್ದರು. "ಮಾಸ್ತರ, ಒಂದ್ಕಡೆ ಸ್ವಲ್ಪ ಮಾತು ಇಡಲೇನ್ರಿ? ಚೊಲೋ ಬಂದೈತಿ" ಅಂದಿದ್ದರು. ನಾನು ಹೊಸದಾಗಿ ನೌಕರಿಗೆ ಸೇರಿದ್ದ ಮಾಸ್ತರ. ಎಲ್ಲದಕ್ಕೂ ನನ್ನದೊಂದು ಅಭಿಪ್ರಾಯ ಇರಲೇಬೇಕಿತ್ತು. "ಮಾತು ಗೀತು ಬ್ಯಾಡ್ರಿ. ಪೂರ್ತಿ ಹಾಡು ಹಾಕ್ರಿ" ಅಂದೆ. ಹಾಡುಗಳ ಪಟ್ಟಿಯನ್ನೂ ನಾನೇ ಬರೆದುಕೊಟ್ಟೆ, ದುಂಡಗಿನ ಅಕ್ಷರದಲ್ಲಿ.

ಇಷ್ಟನ್ನು ಸಿಂಧುಗೆ ಹೇಳಿದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದಳು.

"ಹೆಂಗಿತ್ರಿ ಅವ್ವನ ದನಿ?"

ದಿನಕ್ಕೆ ಐದು ಪೀರಿಯಡ್ ಮಾತಾಡುವ ಬಾಯಿ ನನ್ನದು. ಒಂದು ವಾಕ್ಯ ಹೊರಡಲಿಲ್ಲ. ಮುಖವನ್ನಾದರೆ ಹೇಳಬಹುದು: ಅಗಲ ಹಣೆ, ಗಲ್ಲದ ಮೇಲೊಂದು ಸಣ್ಣ ಮಚ್ಚೆ, ನಕ್ಕರೆ ಮುಚ್ಚಿಹೋಗುವ ಕಣ್ಣು. ಧ್ವನಿಯನ್ನು ಏನಂತ ಹೇಳುವುದು? ನಿಮ್ಮ ಮನೆಯ ಯಾರದಾದರೂ ಧ್ವನಿಯನ್ನು, ಅದನ್ನು ಕೇಳದವರಿಗೆ ಒಮ್ಮೆ ವರ್ಣಿಸಿ ನೋಡಿ. ಚೆನ್ನಾಗಿದೆ, ಸಣ್ಣದಿದೆ, ದಪ್ಪ ಇದೆ. ಅಲ್ಲಿಗೆ ಮುಗಿಯಿತು.

"ಥೇಟ್ ನಿನ್ನ ದನಿ ಇದ್ದಂಗಾ ಇತ್ತವಾ" ಅಂದೆ.

"ನನ್ನ ದನಿ ಹೆಂಗೈತಿ ಅಂತ ನನಗೇನ್ ಗೊತ್ರಿ ಮಾಮಾ?"

ಖರೆ ಹೇಳುತ್ತೇನೆ. ನಾನು ಹೇಳಿದ್ದು ಸುಳ್ಳು. ರೇಣುಕಾಳ ಧ್ವನಿ ನನಗೇ ಮರೆತುಹೋಗಿತ್ತು. "ಅಣ್ಣಾ" ಅಂತ ದಿನಕ್ಕೆ ಹತ್ತು ಸಲ ಕರೆಯುತ್ತಿದ್ದಳು ಅನ್ನುವುದು ನೆನಪಿದೆ. ಆ ಶಬ್ದ ನೆನಪಿದೆ. ಆ ಶಬ್ದದ ಸಪ್ಪಳ ಇಲ್ಲ. ಅವಳು ಹೋದ ಮೊದಲ ವರ್ಷ ಅದು ಕಿವಿಯಲ್ಲಿ ಇತ್ತು. ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಒಡಹುಟ್ಟಿದವಳ ಧ್ವನಿ ಮರೆತವನು ಅಂತ ನನಗೆ ನಾನೇ ಹೇಳಿಕೊಂಡಾಗ ಆದ ನಾಚಿಕೆಯನ್ನು ಇಲ್ಲಿ ಬರೆಯಲಾರೆ.

ಆಗ ನಮ್ಮ ಯಾರ ಫೋನಿನಲ್ಲೂ ಧ್ವನಿ ಹಿಡಿದಿಡುವ ಸವಲತ್ತು ಇರಲಿಲ್ಲ. ಇದ್ದರೂ ಹಿಡಿಯುತ್ತಿದ್ದೆವೇ? ಮನೆಯಲ್ಲೇ ಓಡಾಡಿಕೊಂಡಿದ್ದ ಹುಡುಗಿಯ ಮಾತನ್ನು ಯಾರು ಹಿಡಿದಿಡುತ್ತಾರೆ? ಹೀಗಾಗಿ ಅವಳು ಮಾತಾಡಿದ್ದು ಎಲ್ಲಾದರೂ ಉಳಿದಿದ್ದರೆ ಆ ಮದುವೆಯ ಮೂಲ ಕ್ಯಾಸೆಟ್ಟುಗಳಲ್ಲಿ ಮಾತ್ರ.

ಅದರಲ್ಲೂ ಒಂದು ಜಾಗ ಇತ್ತು. ಸಿಡಿಯಲ್ಲಿ ಅವಳು ನಾಲ್ಕನೆಯ ಸಲ ಬಾಯಿ ತೆರೆಯುವುದು ಒಡಪು ಹೇಳಲು.

ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು. ನಮ್ಮ ಕಡೆ ಮದುವೆಯಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ತುತ್ತು ಕೊಡುವಾಗ ಒಬ್ಬರ ಹೆಸರು ಇನ್ನೊಬ್ಬರು ಹೇಳಬೇಕು. ಸುಮ್ಮನೆ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಎರಡೋ ನಾಲ್ಕೋ ಸಾಲಿನಲ್ಲಿ ಸುತ್ತಿ, ಕೊನೆಗೆ ಹೆಸರು ತರಬೇಕು. ಅದೇ ಒಡಪು. ಮುಂದೆ ಜನ್ಮದಲ್ಲಿ ಗಂಡನ ಹೆಸರು ಹಿಡಿದು ಕರೆಯದ ಹೆಣ್ಣುಮಕ್ಕಳೂ ಅವತ್ತು ನೂರು ಮಂದಿಯ ನಡುವೆ ಅದನ್ನು ಗಟ್ಟಿಯಾಗಿ ಹೇಳುತ್ತಾರೆ. ಸಿಡಿಯಲ್ಲಿ ರೇಣುಕಾಳ ಒಡಪು ನಾಲ್ಕೈದು ಸೆಕೆಂಡು ಇದೆ. ತುಟಿ ಅಲುಗುತ್ತದೆ. ಅಷ್ಟರಲ್ಲಿ ಗುಲಾಬಿ ಹೂ ಬಂದು ಅವಳ ಮುಖ ಮುಚ್ಚುತ್ತದೆ. ಎಡಿಟಿಂಗಿನಲ್ಲಿ ಕತ್ತರಿಸಿದ್ದಾರೆ, ಮೂಲದಲ್ಲಿ ಪೂರ್ತಿ ಇರಲೇಬೇಕು ಅಂತ ನಾವಿಬ್ಬರೂ ಲೆಕ್ಕ ಹಾಕಿದೆವು.

ಏನು ಹೇಳಿದ್ದಳು? ನನಗೆ ನೆನಪಿಲ್ಲ. ನಮ್ಮ ಚಿಗವ್ವನಿಗೆ ಫೋನ್ ಮಾಡಿದೆ. "ಭಾಳ ಚೊಲೋ ಹೇಳಿದ್ಲಪಾ. ತಾನಾ ಕಟ್ಟಿದ್ಲು. ಮಂದಿ ಎಲ್ಲಾ ನಕ್ಕಿದ್ರು. ಏನ್ ಹೇಳಿದ್ಲು ಅಂತ ಮಾತ್ರ ಕೇಳಬ್ಯಾಡ" ಅಂದಳು. ಮುಂಡರಗಿಯಲ್ಲಿರುವ ಸಿಂಧುವಿನ ಅಪ್ಪನಿಗೂ ಫೋನ್ ಮಾಡಿದೆ. ಆತ ಮರುಮದುವೆಯಾಗಿ, ಈಗ ಎರಡು ಮಕ್ಕಳಿವೆ. ಒಳ್ಳೆಯ ಮನುಷ್ಯ. "ಕಡೀಗೆ ನನ್ನ ಹೆಸರು ಹೇಳಿದ್ಲರಿ. ಅದೊಂದಾ ನೆನಪೈತಿ" ಅಂದ.

ಮುಂದಿನ ಭಾನುವಾರ ನಾನೂ ಸಿಂಧುವೂ ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಅವಳಿಗೆ ಮೊದಲೇ ಹೇಳಿದೆ, ಆಸೆ ಇಟ್ಟುಕೊಳ್ಳಬೇಡ ಅಂತ. ಹತ್ತೊಂಬತ್ತು ವರ್ಷ ಯಾರು ಕ್ಯಾಸೆಟ್ ಇಟ್ಟಿರುತ್ತಾರೆ? ಅವಳು ಹೂಂ ಅಂದಳು. ಆದರೆ ಖಾಲಿ ಪೆನ್‌ಡ್ರೈವ್ ಎರಡು ತಂದಿದ್ದಳು. ಒಂದು ಹಾಳಾದರೆ ಇನ್ನೊಂದಿರಲಿ ಅಂತ.

ದಾವಲಸಾಬರ ಸ್ಟುಡಿಯೋ ಅದೇ ಜಾಗದಲ್ಲಿದೆ. ಬೋರ್ಡಿನ ಬಣ್ಣ ಹೋಗಿದೆ. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೊ, ಝೆರಾಕ್ಸ್, ಲ್ಯಾಮಿನೇಶನ್. ಮದುವೆ ವಿಡಿಯೋ ಬಿಟ್ಟು ವರ್ಷಗಳಾದವಂತೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಬರ್ರಿ ಮಾಸ್ತರ, ಕುಂಡ್ರಿ. ಯಾರ್ರಿ ಇಕಿ?"

"ರೇಣುಕಾನ ಮಗಳು."

ಅವರು ಚಷ್ಮಾ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಸಿಂಧುವನ್ನು ನೋಡಿದರು. ನಾವು ಬಂದ ಕೆಲಸ ಹೇಳಿದೆ. ನಾನು ಮಾತು ಮುಗಿಸುವುದರೊಳಗೆ, "ಅದನ್ನ ತಗದ್ ಇಟ್ಟೇನ್ರಿ" ಅಂದರು.

ನನಗೆ ನಂಬಿಕೆಯಾಗಲಿಲ್ಲ. ಅವರು ಅಂಗಡಿಯ ಹಿಂದಿನ ಮನೆಗೆ ಹೋಗಿ ಒಂದು ಬಿಸ್ಕೀಟು ಡಬ್ಬಿ ತಂದರು. ಒಳಗೆ ಏಳು ಪುಟ್ಟ ಕ್ಯಾಸೆಟ್ಟುಗಳು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು. ಒಂದೊಂದರ ಮೇಲೂ ಊರು, ಹೆಸರು. ಅದರಲ್ಲಿ ಎರಡರ ಮೇಲೆ "ಶಿರಹಟ್ಟಿ, ರೇಣುಕಾ, ಒಂದು" ಮತ್ತು "ಶಿರಹಟ್ಟಿ, ರೇಣುಕಾ, ಎರಡು" ಅಂತ ಬರೆದಿತ್ತು.

"ಇಷ್ಟಾ ಯಾಕ ಇಟ್ಟೀರಿ? ನೂರಾರು ಮದುವಿ ಹೊಡದೀರಲ್ಲ?" ಕೇಳಿದೆ.

"ನಾವು ಒಂದೊಂದು ಕ್ಯಾಸೆಟ್ ಮ್ಯಾಲೆ ಐದಾರು ಮದುವಿ ಹೊಡೀತಿದ್ವಿರಿ. ಸಿಡಿ ಮಾಡಿ ಕೊಟ್ಟ ಮ್ಯಾಲೆ ಅದರ ಮ್ಯಾಲೇನ ಇನ್ನೊಬ್ರದು. ಕಂಪ್ಯೂಟರದಾಗೂ ಜಾಗಾ ಇರ್ತಿರಲಿಲ್ಲ, ಅಳಿಸಿಬಿಡ್ತಿದ್ವಿ. ಎಲ್ಲಾರೂ ಹಂಗಾ ಮಾಡ್ತಿದ್ರು. ಆದ್ರ ಒಂದೊಂದು ಕ್ಯಾಸೆಟ್ಟಿನ ಪಾಳಿ ಬರಾಕ ವರ್ಷ ಎರಡು ವರ್ಷ ಹಿಡೀತಿತ್ತು. ಅಷ್ಟರೊಳಗ, ಅದರಾಗಿನ ಮದುಮಗಳು ಹೋದ್ಲು ಅಂತ ಖಬರ ಬಂತಂದ್ರ ಮನಸ್ಸು ಬರ್ತಿರಲಿಲ್ರಿ. ಅಂಥಾದರ ಮ್ಯಾಲೆ ಇನ್ನೊಬ್ಬ ಹೆಣಮಗಳ ಅಕ್ಕಿಕಾಳು ಹೆಂಗ ಹೊಡೀಲಿ? ಬಾಜೂಕ ತಗದ್ ಇಡ್ತಿದ್ನಿ."

ಹೇಳಿದ ಮೇಲೆ ಅವರಿಗೆ ಸಿಂಧು ಎದುರಿಗೇ ನಿಂತಿದ್ದು ನೆನಪಾಯಿತು. ಸಿಂಧು ಡಬ್ಬಿಯೊಳಗೆ ನೋಡುತ್ತಿದ್ದಳು.

"ಇವೆಲ್ಲಾ ಹಂಗಾರ..."

"ಹೂಂ ನಮ್ಮವ್ವಾ" ಅಂದರು ದಾವಲಸಾಬರು.

ಏಳು ಕ್ಯಾಸೆಟ್ಟು, ನಾಲ್ಕು ಹೆಸರು. ನಾನು ಉಳಿದ ಹೆಸರುಗಳನ್ನು ಓದಲಿಲ್ಲ. ಒಂದು ವಿಚಾರ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಬದುಕಿ ಬಾಳಿದ ಹೆಣ್ಣುಮಕ್ಕಳ ಮದುವೆಗಳೆಲ್ಲ ಅಳಿಸಿಹೋಗಿವೆ. ಅವರ ಮೇಲೆ ಇನ್ನೊಬ್ಬರು, ಇನ್ನೊಬ್ಬರ ಮೇಲೆ ಮತ್ತೊಬ್ಬರು. ಹೋದವರು ಮಾತ್ರ ಉಳಿದಿದ್ದಾರೆ. ರೇಣುಕಾ ಇದ್ದಿದ್ದರೆ ಅವಳ ಕ್ಯಾಸೆಟ್ ಇರುತ್ತಿರಲಿಲ್ಲ. ಅವಳು ಇದ್ದಿದ್ದರೆ ಅದು ಯಾರಿಗೆ ಬೇಕಿತ್ತು? ಅಡುಗೆಮನೆಯಿಂದಲೇ ಕೂಗುತ್ತಿದ್ದಳು, ಕೇಳಿಸಿಕೊಳ್ಳುತ್ತಿದ್ದೆವು.

ಇನ್ನು ಕೆಲಸದ ಮಾತು. ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಈಗ ಫೋನಿನಿಂದ ಕಂಪ್ಯೂಟರಿಗೆ ಇಡೀ ಮದುವೆಯನ್ನು ಚಹಾ ಕುಡಿಯುವಷ್ಟರಲ್ಲಿ ಹಾಕಬಹುದು. ಆ ಕ್ಯಾಸೆಟ್ಟು ಹಾಗಲ್ಲ. ಕ್ಯಾಮೆರಾದಲ್ಲಿ ಕ್ಯಾಸೆಟ್ ಹಾಕಿ, ಒಂದು ವಿಶೇಷ ಕೇಬಲ್ಲಿನಿಂದ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ, ಪ್ಲೇ ಒತ್ತಿ ಕೂರಬೇಕು. ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸು. ಒಂದು ನಿಮಿಷವೂ ಕಡಿಮೆಯಿಲ್ಲ. ಮದುವೆ ಎಷ್ಟು ನಿಧಾನ ನಡೆದಿತ್ತೋ ಅಷ್ಟೇ ನಿಧಾನವಾಗಿ ಅದು ಕಂಪ್ಯೂಟರಿನೊಳಗೆ ಹೋಗಬೇಕು. ಇದಕ್ಕೆ ಕ್ಯಾಪ್ಚರ್ ಅಂತಾರೆ.

ದಾವಲಸಾಬರು ಕ್ಯಾಮೆರಾವನ್ನು ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಬ್ಯಾಟರಿ ಸತ್ತಿತ್ತು, ವೈರು ಹಚ್ಚಿದರೆ ನಡೆಯುತ್ತಿತ್ತು. ಆ ಕೇಬಲ್ ಸಿಕ್ಕಿಸುವ ಕಿಂಡಿ ಈಗಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲವಂತೆ. ಹಳೆಯ ಕಂಪ್ಯೂಟರೊಂದು ಮೂಲೆಯಲ್ಲಿ ಝೆರಾಕ್ಸ್ ಕಾಗದದ ಕಟ್ಟುಗಳನ್ನು ಹೊತ್ತುಕೊಂಡು ಕೂತಿತ್ತು. ಅದನ್ನು ಇಳಿಸಿ, ಧೂಳು ಊದಿ, ಮೂರು ಸಲ ಚಾಲೂ ಮಾಡಿದ ಮೇಲೆ ಅದಕ್ಕೆ ಜೀವ ಬಂತು. ಹತ್ತಿಗೆ ಸ್ಪಿರಿಟ್ ಹಚ್ಚಿ ಕ್ಯಾಮೆರಾದೊಳಗೆ ಟೇಪು ಓದುವ ಹೆಡ್ಡು ಒರೆಸಿದರು.

"ಒಂದಾ ಸಲ ಹಾಕೂದ್ರಿ ಮಾಸ್ತರ. ಹಳೀ ಟೇಪು. ಎರಡನೇ ಸಲ ಹಾಕಿದ್ರ ಕ್ಯಾಮೆರಾ ತಿಂದ್ರೂ ತಿಂತೈತಿ. ಈಗ ಏನ್ ಬರ್ತೈತೋ ಅದು ನಿಮ್ಮದು."

ಅಂಗಡಿಯ ಶಟರ್ ಅರ್ಧ ಇಳಿಸಿದರು. ಪ್ಲೇ ಒತ್ತಿದರು.

ಮೊದಲು ಪರದೆಯ ತುಂಬ ಬಣ್ಣದ ಚೌಕಗಳು. ಆಮೇಲೆ ಸನಾದಿಯ ಸಪ್ಪಳ. ಆಮೇಲೆ ಗದ್ದಲ!

ಎಂಥ ಗದ್ದಲ ಅಂತೀರಿ. ಪಾತ್ರೆ ಬಾಂಡೆಯ ಸಪ್ಪಳ, ಕೂಸಿನ ಅಳು, ಯಾರೋ ಯಾರನ್ನೋ ಕೂಗುವುದು, ಸಾರಿನ ಬಕೆಟ್ಟು ಎಲ್ಲಿ ಅಂತ ಯಾರದೋ ಜಗಳ. ನಾನು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟು ತೆಗೆಸಿದ್ದು ಇದನ್ನೇ. ಹತ್ತು ನಿಮಿಷದಲ್ಲಿ ನಮ್ಮ ದೊಡ್ಡಪ್ಪನ ಕೆಮ್ಮು ಕೇಳಿಸಿತು. ಅವರು ಹೋಗಿ ಹನ್ನೆರಡು ವರ್ಷ. ಆಮೇಲೆ ಕ್ಯಾಮೆರಾದ ಪಕ್ಕದಲ್ಲೇ ಎಲ್ಲೋ, "ಅಕ್ಕಿಕಾಳು ಎಲ್ಲಾರಿಗೂ ಮುಟ್ಟ್ಯಾವೇನ್ ನೋಡ್ರಿ, ಹಿಂದ ಕುಂತೋರಿಗೆ ಬಂದಿಲ್ಲ" ಅನ್ನುವ ಮಾತು. ನಮ್ಮ ಅವ್ವ. ಅವಳೂ ಈಗಿಲ್ಲ. ಮುಖ ಕಾಣುವುದಿಲ್ಲ. ಧ್ವನಿ ಅಷ್ಟೇ. ನಾನು ಅವಳನ್ನು ಹುಡುಕಿಕೊಂಡು ಬಂದವನಲ್ಲ. ಅವಳ ಧ್ವನಿ ಮರೆತಿದ್ದೇನೆ ಅನ್ನುವುದೂ ಗೊತ್ತಿರಲಿಲ್ಲ. ಕೇಳಿದ ಮೇಲೆ ಗೊತ್ತಾಯಿತು. ಬಾಯಿಗೆ ಟವೆಲ್ಲು ಒತ್ತಿಕೊಂಡು ಅತ್ತೆ. ಸಿಂಧು ನನ್ನ ಮೊಣಕಾಲ ಮೇಲೆ ಕೈಯಿಟ್ಟಳು, ಕಣ್ಣು ಪರದೆಯಿಂದ ತೆಗೆಯದೆ.

ರೇಣುಕಾ? ಅವಳು ಇದ್ದಳು. ಉದ್ದಕ್ಕೂ ಇದ್ದಳು. ಮಾತಿಲ್ಲ.

ಮಾತಾಡಲು ಬಿಟ್ಟರೆ ತಾನೇ? ಕ್ಯಾಮೆರಾ ಅವಳ ಕಡೆ ತಿರುಗಿದ ಕೂಡಲೇ ಒಬ್ಬರಲ್ಲ ಒಬ್ಬರು ಶುರು ಮಾಡುತ್ತಿದ್ದರು. "ತಲಿ ಬಗ್ಗಸು." "ಹಲ್ಲು ಕಾಣಸಬ್ಯಾಡ." "ಸುಮ್ನಿರವಾ, ನಿನ್ನ ಮ್ಯಾಲೇನ ಐತಿ ಕ್ಯಾಮೆರಾ." ಕ್ಯಾಮೆರಾ ಬಂದರೆ ಮದುಮಗಳು ಮಾತು ನಿಲ್ಲಿಸಬೇಕು ಅನ್ನುವುದು ನಮ್ಮಲ್ಲಿ ಯಾರು ಮಾಡಿದ ಕಾಯಿದೆಯೋ ಗೊತ್ತಿಲ್ಲ. ಎಲ್ಲರೂ ಪಾಲಿಸುತ್ತಿದ್ದೆವು. ಮನೆಯಲ್ಲಿ ಪಟಪಟ ಅನ್ನುತ್ತಿದ್ದ ಹುಡುಗಿ ಅಲ್ಲಿ ಗೊಂಬೆಯ ಹಾಗೆ ಕೂತಿದ್ದಾಳೆ. ಒಮ್ಮೆ ಪಕ್ಕಕ್ಕೆ ಬಾಗಿ ಚಿಗವ್ವನಿಗೆ ಏನೋ ಅಂದಳು. ಸನಾದಿ ಜೋರಾಗಿತ್ತು.

"ಏನಂದ್ಲು?" ಸಿಂಧು ಸ್ಪೀಕರಿಗೆ ಕಿವಿ ಹಚ್ಚಿದಳು.

"ನೀರು ಕೇಳಿರಬೇಕವಾ."

"ಮಾಮಾ, ನೀರು ಯಾರೂ ಕೊಡಲೇ ಇಲ್ಲ ನೋಡ್ರಿ."

ಹೌದು. ಯಾರೂ ಕೊಡಲಿಲ್ಲ. ಹಿಂದೆ ಎಷ್ಟು ಸಲ ಆ ಸಿಡಿ ನೋಡಿದ್ದೆ, ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಮೊದಲ ಕ್ಯಾಸೆಟ್ಟು ಮುಗಿಯಿತು. ಒಂದು ತಾಸು. ಅವಳ ಮಾತು ಒಂದೂ ಇಲ್ಲ. ದಾವಲಸಾಬರು ಚಹಾ ತರಿಸಿದರು. ಸಿಂಧು ಮುಟ್ಟಲಿಲ್ಲ.

"ಒಡಪು ಎರಡನೇದರಾಗ ಐತ್ರಿ. ನನಗ ನೆನಪೈತಿ, ನಾನು ಬಾಜೂಕ ನಿಂತು ಹಿಡದೇನಿ" ಅಂದರು.

ಎರಡನೆಯದು ಶುರುವಾಯಿತು. ಪಂಕ್ತಿ, ಬಾಳೆಲೆ, ಹಪ್ಪಳ. ಆಮೇಲೆ ಹೆಣ್ಣುಮಕ್ಕಳ ಗುಂಪು, ನಡುವೆ ಗಂಡ ಹೆಂಡತಿ. ಗಂಡ ಒಡಪು ಹೇಳಿದ. ಎಲ್ಲರೂ ನಕ್ಕರು. "ಈಗ ನೀ ಹೇಳವಾ ರೇಣುಕಾ, ಜೋರಾಗಿ ಹೇಳು" ಅಂತ ನಾಲ್ಕು ಕಡೆಯಿಂದ ಕೂಗು. ರೇಣುಕಾ ತಲೆ ಅಲ್ಲಾಡಿಸಿ ನಕ್ಕಳು. ಕಣ್ಣು ಮುಚ್ಚಿಹೋಯಿತು. ಸೆರಗು ಸರಿ ಮಾಡಿಕೊಂಡಳು. ಗುಂಪು ತಾನಾಗಿಯೇ ಸುಮ್ಮನಾಯಿತು. ಇಡೀ ಮದುವೆಯಲ್ಲಿ ಅವಳಿಗಾಗಿ ಮಂದಿ ಸುಮ್ಮನಾಗಿದ್ದು ಅದೊಂದೇ ಸಲ.

ಸಿಂಧು ಸ್ಪೀಕರಿನ ಹತ್ತಿರ ಬಾಗಿದಳು. ನಾನೂ.

"ಬೆಟಗೇರಿ ಸೀರಿಗೆ ಕೆಂಪು ಸೆರಗಾ..."

"ದಾವಲಸಾಬ್ರ! ಏ ದಾವಲಸಾಬ್ರ! ಇಲ್ಲಿ ಬರ್ರಿ, ಜಲ್ದಿ!"

ಕ್ಯಾಮೆರಾಕ್ಕೆ ಬಲು ಹತ್ತಿರದಲ್ಲಿ ನಿಂತು ಕೂಗಿದ ಗಂಡಸಿನ ಧ್ವನಿ. ಸ್ಪೀಕರು ಗರ್ ಅಂದಿತು. ಅದರಡಿಯಲ್ಲಿ ರೇಣುಕಾ ಇನ್ನೂ ಹೇಳುತ್ತಿದ್ದಾಳೆ. "ತವರ ಮನಿಯಾಗ..." ಅಷ್ಟು ತಿಳಿಯುತ್ತದೆ.

"ನಮ್ಮ ಸಾಹೇಬ್ರು ಬಂದಾರ್ರೀ! ಹೆಣಮಕ್ಕಳ ಒಡಪು ಎಲ್ಲಿ ಓಡಿ ಹೋಗ್ತೈತಿ? ಆಮ್ಯಾಲೆ ಹಿಡದ್ರಾತು. ಬರ್ರಿ, ಬರ್ರಿ!"

ಕ್ಯಾಮೆರಾ ಅಲುಗಿತು. ತಿರುಗಿತು. ರೇಣುಕಾಳ ಭುಜ, ಯಾರದೋ ಹಸಿರು ಬಳೆ, ಕಂಬ, ಹೊರಗಿನ ಬಿಸಿಲು. ಹಿಂದೆ ಎಲ್ಲೋ ದೂರದಲ್ಲಿ ಹೆಂಗಸರೆಲ್ಲ ಹೋ ಅಂತ ನಕ್ಕ ಸಪ್ಪಳ. ಒಡಪು ಮುಗಿದಿತ್ತು.

ಆಮೇಲೆ ನಾಲ್ಕು ನಿಮಿಷ ನಮ್ಮ ಇಲಾಖೆಯ ಸಾಹೇಬರು ಬೂಂದೆ ಉಂಡಿ ತಿನ್ನುತ್ತಾರೆ. ಪಕ್ಕದಲ್ಲಿ ಕೈ ಕಟ್ಟಿ ನಿಂತ ತೆಳ್ಳಗಿನ ಮಾಸ್ತರ ಹಲ್ಲು ಬಿಡುತ್ತಾನೆ. ಅದು ನಾನು.

ಕ್ಯಾಸೆಟ್ಟು ತನ್ನ ಪಾಡಿಗೆ ತಿರುಗುತ್ತಿತ್ತು. ನಿಲ್ಲಿಸುವಂತಿಲ್ಲ. ಒಂದೇ ಸಲ ಅಂದಿದ್ದರಲ್ಲ. ಸಾಹೇಬರು ಎರಡನೆಯ ಉಂಡಿ ಬೇಡ ಅಂದರು. ನಾನು ಒತ್ತಾಯ ಮಾಡಿ ಹಾಕಿಸಿದೆ. ಆ ಸಾಹೇಬರು ಆರು ತಿಂಗಳಲ್ಲಿ ವರ್ಗವಾಗಿ ಹೋದರು. ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಅವತ್ತು ಅವರು ನನ್ನ ಜೊತೆ ಏನು ಮಾತಾಡಿದರು ಅನ್ನುವುದು ಮಾತ್ರ ಕ್ಯಾಸೆಟ್ಟಿನಲ್ಲಿ ಸ್ಪಷ್ಟವಾಗಿದೆ. ಶಿರಹಟ್ಟಿಯಲ್ಲಿ ಬಿಸಿಲು ಬಹಳ ಅಂದರು.

ಕೊನೆಯತನಕ ನೋಡಿದೆವು. ಆಮೇಲೆ ಹಿಡಿದರಾಯಿತು ಅಂದಿದ್ದೆನಲ್ಲ, ಆ ಆಮೇಲೆ ಬರಲಿಲ್ಲ. ಕಳಿಸಿಕೊಡುವಾಗ ರೇಣುಕಾ ಅಳುತ್ತಾಳೆ. ಅಲ್ಲೂ ಬ್ಯಾಂಡಿನ ಸಪ್ಪಳ. ನೀಲಿ ಪರದೆ ಬಂತು.

ದಾವಲಸಾಬರು ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲು ನೋಡಿದರು. "ನಾನರ ಅಲ್ಲೇ ನಿಂದರಬೇಕಿತ್ರಿ. ಒಂದ್ ನಿಮಿಷದ ಮಾತು." ಬೇಡ ಅಂದೆ. ಅವರು ಕೆಲಸಕ್ಕೆ ಬಂದವರು. ಹಿರಿಯಣ್ಣ ಕರೆದ, ಬಂದರು.

ಸಿಂಧು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. "ಅಷ್ಟರ ಇನ್ನೊಮ್ಮೆ ಕೇಳಬಹುದೇನ್ರಿ?" ಅಂತ ದಾವಲಸಾಬರನ್ನು ಕೇಳಿದಳು. ಈಗ ಅದು ಕಂಪ್ಯೂಟರಿನೊಳಗೆ ಬಂದಿತ್ತು, ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಳು. ಮತ್ತೊಮ್ಮೆ. ಮತ್ತೊಮ್ಮೆ. ಹನ್ನೊಂದು ಸೆಕೆಂಡು. ಆಮೇಲೆ ಹೆಡ್‌ಫೋನ್ ತೆಗೆದು ನನಗೆ ಕೊಟ್ಟಳು.

ಸಿಂಧುವಿನ ಧ್ವನಿಯ ಹಾಗೆ ಇರಲೇ ಇಲ್ಲ ಅದು. ಸ್ವಲ್ಪ ಒಡಕು. ನೆಗಡಿ ಆದವರ ಹಾಗೆ. ಸಾಲಿನ ಕೊನೆಯನ್ನು ಎಳೆಯುವ ರೂಢಿ. ಸೆರಗಾ ಅಂತ. ಹೌದು, ಹೌದು, ಅಣ್ಣಾ ಅನ್ನುವಾಗಲೂ ಹಾಗೇ ಎಳೆಯುತ್ತಿದ್ದಳು! ಆ ಹನ್ನೊಂದು ಸೆಕೆಂಡಿನಲ್ಲಿ ಅವಳು ನನಗೆ ಸಿಕ್ಕಳು. ಅದೇ ಹನ್ನೊಂದು ಸೆಕೆಂಡಿನಲ್ಲಿ ನಾನು ಅವಳ ಮೇಲೆ ಕೂಗುತ್ತಿದ್ದೆ.

ಹಿಂತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದೆ. "ತಪ್ಪಾತವಾ ನನ್ನ ಕಡಿಂದ."

"ನಿಮಗೇನ್ ಗೊತ್ತಿತ್ರಿ ಮಾಮಾ ಆವಾಗ" ಅಂದಳು.

ಅದೇ ಅಲ್ಲವೇ ಕಷ್ಟ? ಯಾರಿಗೆ ಗೊತ್ತಿರುತ್ತದೆ? ಅವತ್ತು ನಾನು ಕೆಟ್ಟ ಕೆಲಸವನ್ನೇನೂ ಮಾಡಿರಲಿಲ್ಲ. ತಂಗಿಯನ್ನು ಪ್ರೀತಿಸುವ ಅಣ್ಣನೇ ಆಗಿದ್ದೆ. ಮಂಟಪ ಕಟ್ಟಿಸಿದವನು ನಾನು, ಮಂದಿಯನ್ನು ಕರೆದವನು ನಾನು, ಅವಳಿಗೆ ವಿಡಿಯೋ ಇರಲೇಬೇಕು ಅಂತ ಹಟ ಹಿಡಿದವನೂ ನಾನೇ. ದೊಡ್ಡವರು ಬಂದಾಗ ಮನೆಯವರು ಕಾಯಬೇಕು ಅಂದುಕೊಂಡೆ. ಮನೆಯವರು ಎಲ್ಲಿ ಹೋಗುತ್ತಾರೆ, ಇಲ್ಲೇ ಇರುತ್ತಾರಲ್ಲ ಅಂದುಕೊಂಡೆ. ನಾವೆಲ್ಲ ಹಾಗೇ ಅಲ್ಲವೇ? ಬಂದವರ ಮಾತಿಗೆ ಕಿವಿಯೆಲ್ಲ ಕೊಡುತ್ತೇವೆ. ಇದ್ದವರಿಗೆ ತಡಿ, ಆಮೇಲೆ ಹೇಳು ಅನ್ನುತ್ತೇವೆ. ನಾನು ಈಗಲೂ ಹಾಗೇ ಇದ್ದೇನೆ. ಈ ಅಂಕಣ ಬರೆಯಲು ಕೂತಾಗ ನಮ್ಮ ಮನೆಯವರು ಏನೋ ಹೇಳಲು ಬಂದರು. ಆಮೇಲೆ ಅಂದೆ. ಅಂದ ಕೂಡಲೇ ಎದ್ದು ಒಳಗೆ ಹೋಗಿ ಏನು ಅಂತ ಕೇಳಿದೆ. ಸಿಲಿಂಡರ್ ಮುಗಿದಿದೆ ಅಂದರು. ಕೂತು ಪೂರ್ತಿ ಕೇಳಿಸಿಕೊಂಡೆ. ಅವರಿಗೆ ನನ್ನ ತಲೆ ಸರಿಯಿದೆಯೋ ಇಲ್ಲವೋ ಅಂತ ಅನುಮಾನ ಬಂದಿದೆ.

ಊರಿಗೆ ಬಂದ ಮೇಲೆ ಮತ್ತೆ ನಾಲ್ಕು ಕಡೆ ಫೋನ್ ಮಾಡಿದೆ. ಕೆಂಪು ಸೆರಗು, ತವರಮನಿ, ಅಷ್ಟು ಎತ್ತಿಕೊಟ್ಟರೆ ಉಳಿದದ್ದು ಯಾರಿಗಾದರೂ ನೆನಪಾಗಬಹುದು ಅಂತ ಆಸೆ. ಚಿಗವ್ವ ಎರಡು ದಿನ ಯೋಚಿಸಿದಳಂತೆ. ಬರಲಿಲ್ಲ. ಸಿಂಧುವಿನ ಅಪ್ಪನಿಗೆ ಆ ಹನ್ನೊಂದು ಸೆಕೆಂಡು ಕಳಿಸಲೇ ಅಂತ ಕೇಳಿದೆ. "ಬ್ಯಾಡ್ರಿ. ಸಿಂಧು ಹಂತ್ಯಾಕ ಇರ್ಲಿ" ಅಂದ.

ಸಿಂಧು ಮಾತ್ರ ಬಿಡಲಿಲ್ಲ. ನಾಲ್ಕು ದಿನದಿಂದ ಕಾಲೇಜು ಮುಗಿಸಿ ಬಂದವಳೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಾಳೆ. ಒಂದು ಧ್ವನಿಯನ್ನು ಇನ್ನೊಂದರಿಂದ ಬೇರೆ ಮಾಡುವ ಸಾಫ್ಟ್‌ವೇರ್ ಈಗ ಬಂದಿವೆಯಂತೆ. ಅವ್ವನ ಮಾತಿನ ಮೇಲಿಂದ ಆ ಕೂಗನ್ನು ಸುಲಿದು ತೆಗೆಯಬೇಕು ಅಂತ ಅವಳ ಹಟ. ಮೂರು ಬೇರೆ ಬೇರೆ ಸಾಫ್ಟ್‌ವೇರ್ ಹಾಕಿ ನೋಡಿದಳು. ನಾನು ಕೋಣೆಯ ಹೊರಗೆ ಪತ್ರಿಕೆ ಹಿಡಿದು ಕೂತಿರುತ್ತೇನೆ, ಒಂದು ಅಕ್ಷರವೂ ಓದದೆ. ಒಳಗಿನಿಂದ ಮತ್ತೆ ಮತ್ತೆ ನನ್ನದೇ ಗಂಟಲು ಕೇಳುತ್ತದೆ. ಸಾಹೇಬ್ರು ಬಂದಾರ್ರೀ. ಸಾಹೇಬ್ರು ಬಂದಾರ್ರೀ.

ನಿನ್ನೆ ಸಂಜೆ ಅದು ನಿಂತಿತು. ಆಗಿದೆ ಅಂದುಕೊಂಡೆ. ಒಳಗೆ ಹೋದೆ. ಸಿಂಧು ಲ್ಯಾಪ್‌ಟಾಪ್ ಮುಚ್ಚುತ್ತಿದ್ದಳು.

"ಆತೇನವಾ?"

"ಇರ್ಲಿ ಬಿಡ್ರಿ ಮಾಮಾ. ನಿಮ್ಮ ದನಿ ಅಳಿಸಿದ್ರ ಅವ್ವನ ದನಿನೂ ಅಳಿಸಿ ಹೋಗ್ತೈತಿ."